ಕಪಾಟಿನಲ್ಲಿ ಉಳಿದ ವಿದ್ವತ್ತು: ಗಡಿನಾಡಿನ ಸಂಶೋಧಕರಿಗೆ ತೆರೆದಿರುವ ಬಾಗಿಲುಗಳು

ಕಳೆದ ಮಳೆಗಾಲದಲ್ಲಿ ಬದಿಯಡ್ಕದಿಂದ ಒಳಗೆ ಒಂದು ಹಳ್ಳಿಯ ಮನೆಗೆ ಹೋಗಬೇಕಾಗಿ ಬಂತು. ಮನೆಯ ಯಜಮಾನರು ಎಂಬತ್ತರ ಸಮೀಪದ ನಿವೃತ್ತ ಕನ್ನಡ ಅಧ್ಯಾಪಕರು. ಕಾಫಿ, ಮಾತುಕತೆ ಎಲ್ಲ ಆದ ಮೇಲೆ ಚಾವಡಿಯ ಮೂಲೆಯ ಮರದ ಕಪಾಟನ್ನು ತೆರೆದು ತೋರಿಸಿದರು. ಒಳಗೆ ನೂಲು ಸುತ್ತಿದ ಕಾಗದದ ಕಟ್ಟುಗಳು. ಮೂವತ್ತು ವರ್ಷಗಳ ಕಾಲ ರಜಾದಿನಗಳಲ್ಲಿ ಕೊಡೆ ಹಿಡಿದು ಊರೂರು ನಡೆದು ಅವರು ಬರೆದುಕೊಂಡ ಸ್ಥಳನಾಮಗಳು, ಬೈಲು-ಗುಡ್ಡೆಗಳ ಹೆಸರುಗಳು, ನೇಜಿ ನೆಡುವ ಹೆಂಗಸರ ಬಾಯಿಯಿಂದ ಕೇಳಿದ ಪಾಡ್ದನಗಳು. ಕೆಳಗಿನ ಎರಡು ಕಟ್ಟುಗಳನ್ನು ಎತ್ತಿದಾಗ ಮಣ್ಣು ಉದುರಿತು. ಒರಲೆ ಹಿಡಿದಿತ್ತು.

"ಇದನ್ನು ಎಲ್ಲಿಯಾದರೂ ಪ್ರಕಟಿಸಬಹುದಿತ್ತಲ್ಲ ಮಾಷ್ಟ್ರೇ?" ಎಂದು ಕೇಳಿದೆ.

"ಯಾರಿಗೆ ಕಳುಹಿಸುವುದು ಮಾರಾಯ್ರೆ? ಆಚೆಯವರಿಗೆ ನಾವು ಕೇರಳದವರು. ಈಚೆಯವರಿಗೆ ನಮ್ಮ ಅಕ್ಷರ ಓದಲು ಬಾರದು. ನಾನು ಡಾಕ್ಟರೂ ಅಲ್ಲ, ಪ್ರೊಫೆಸರೂ ಅಲ್ಲ" ಎಂದು ಕಪಾಟನ್ನು ಮುಚ್ಚಿಬಿಟ್ಟರು.

ಈ ಮಾತು ಒಬ್ಬರದಲ್ಲ. ಏಳು ಭಾಷೆಗಳ ಸಂಗಮಭೂಮಿ ಎಂದು ನಾವು ವೇದಿಕೆಗಳಲ್ಲಿ ಹೊಗಳಿಕೊಳ್ಳುವ ಈ ನಾಡಿನಲ್ಲಿ ಇಂಥ ಕಪಾಟುಗಳು ಎಷ್ಟೋ ಇವೆ. ಪದವಿಗಾಗಿ ಬರೆದ ಮಹಾಪ್ರಬಂಧಗಳು ಅಟ್ಟದಲ್ಲಿವೆ. ತಾಳೆಗರಿಗಳು ದೇವರ ಕೋಣೆಯಲ್ಲಿ ಹೂವು-ಕುಂಕುಮ ಪಡೆಯುತ್ತ ಸವೆಯುತ್ತಿವೆ. ಇವು ಹೊರಗೆ ಬರುವುದಕ್ಕೆ ದಾರಿಯೇ ಇಲ್ಲವೇ? ಇದೆ. ದಾರಿ ತಿಳಿಯದವರು ಕೆಲವರು. ತಪ್ಪು ದಾರಿ ಹಿಡಿದು ಹಣ ಕಳೆದುಕೊಂಡವರು ಇನ್ನು ಕೆಲವರು. ಇಬ್ಬರಿಗೂ ಉಪಯೋಗವಾಗಲಿ ಎಂದು ಈ ನಾಲ್ಕು ಮಾತು.

ಮಂಜೇಶ್ವರದಿಂದ ಹೊರಟ ಲೇಖನಗಳು

ಸಂಶೋಧನೆಗೆ ವಿಶ್ವವಿದ್ಯಾನಿಲಯದ ಕುರ್ಚಿ ಬೇಕೆಂಬ ಅಂಜಿಕೆಗೆ ಉತ್ತರ ನಮ್ಮ ಊರಿನಲ್ಲಿಯೇ ಇದೆ. ಮಂಜೇಶ್ವರ ಗೋವಿಂದ ಪೈಗಳು (1883-1963) ಪದವಿ ಮುಗಿಸದೆ ಊರಿಗೆ ಮರಳಿದವರು. ಯಾವ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರೂ ಆಗಿರಲಿಲ್ಲ. ಮಂಜೇಶ್ವರದ ಮನೆಯಲ್ಲಿ ಕುಳಿತು ತುಳುನಾಡಿನ ಇತಿಹಾಸ, ಕವಿಗಳ ಕಾಲನಿರ್ಣಯ ಮುಂತಾದ ವಿಷಯಗಳ ಮೇಲೆ ಲೇಖನಗಳನ್ನು ಬರೆದು ಪತ್ರಿಕೆಗಳಿಗೆ ಅಂಚೆಯಲ್ಲಿ ಕಳುಹಿಸಿದರು. 1949ರಲ್ಲಿ ಆಗಿನ ಮದ್ರಾಸು ಸರಕಾರ ಅವರಿಗೆ ರಾಷ್ಟ್ರಕವಿ ಎಂಬ ಬಿರುದನ್ನಿತ್ತಿತು. 1951ರಲ್ಲಿ ಮುಂಬಯಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಅವರ ನಿರ್ಣಯಗಳಲ್ಲಿ ಕೆಲವನ್ನು ಮುಂದಿನವರು ಒಪ್ಪಿದರು, ಕೆಲವನ್ನು ತಿದ್ದಿದರು. ಅಚ್ಚಾದುದರಿಂದಲ್ಲವೇ ತಿದ್ದಲು ಸಾಧ್ಯವಾದದ್ದು?

ಅವರ ಕಾಲಕ್ಕೆ ಕನ್ನಡದಲ್ಲಿ ಅಂಥ ಬಾಗಿಲುಗಳು ಆಗತಾನೇ ತೆರೆಯುತ್ತಿದ್ದವು. 1915ರಲ್ಲಿ ಸಾಹಿತ್ಯ ಪರಿಷತ್ತು ಸ್ಥಾಪನೆಯಾಯಿತು. ಮರುವರ್ಷವೇ ಪರಿಷತ್ತಿನ ಪತ್ರಿಕೆ ಬಂತು. 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ 'ಪ್ರಬುದ್ಧ ಕರ್ನಾಟಕ' ಹೊರಟಿತು. ಹಳ್ಳಿಯ ಪಂಡಿತನಿಗೂ ಕಾಲೇಜಿನ ಅಧ್ಯಾಪಕನಿಗೂ ಒಂದೇ ಪುಟದಲ್ಲಿ ಜಾಗ ದೊರೆಯುವಂತೆ ಮಾಡಿದ್ದು ಇಂಥ ಪತ್ರಿಕೆಗಳು.

ಪ್ರಕಟಿಸದೆ ಉಳಿದ ಬರಹದ ಗತಿ ಏನೆಂಬುದಕ್ಕೆ ಇನ್ನೊಂದು ಉದಾಹರಣೆ. ಮದ್ರಾಸು ಪ್ರಾಂತದ ಅಧಿಕಾರಿಯಾಗಿ ಮಂಗಳೂರಿನಲ್ಲಿಯೂ ಇದ್ದ ಎ.ಸಿ. ಬರ್ನೆಲ್ ತುಳುವರ ಭೂತಾರಾಧನೆಯ ಪಾಡ್ದನಗಳನ್ನು ಸಂಗ್ರಹಿಸಿದ್ದನು. 1882ರಲ್ಲಿ ಆತ ತೀರಿಕೊಂಡಾಗ ಅವು ಕಾಗದಗಳಾಗಿಯೇ ಉಳಿದಿದ್ದವು. ಹನ್ನೆರಡು ವರ್ಷಗಳ ಬಳಿಕ, 1894ರಿಂದ, ಆರ್.ಸಿ. ಟೆಂಪಲ್ ಅವುಗಳನ್ನು 'ಇಂಡಿಯನ್ ಆಂಟಿಕ್ವರಿ' ಎಂಬ ಸಂಶೋಧನ ಪತ್ರಿಕೆಯಲ್ಲಿ ಕಂತುಕಂತಾಗಿ ಪ್ರಕಟಿಸಿದನು. ಬರ್ನೆಲ್ಲನ ಅದೃಷ್ಟ, ಟೆಂಪಲ್ ಸಿಕ್ಕಿದ. ನಮ್ಮ ಬದಿಯಡ್ಕದ ಮಾಷ್ಟ್ರ ಕಟ್ಟುಗಳಿಗೆ ಯಾರು ಸಿಕ್ಕಿಯಾರು?

ವಾದ ನಡೆದರೆ ವಿದ್ಯೆ ಬೆಳೆಯುತ್ತದೆ

ಸಂಶೋಧನೆಯನ್ನು ಹಂಚಿಕೊಳ್ಳುವುದೆಂದರೆ ಹೆಸರು ಅಚ್ಚಾಗುವುದಷ್ಟೇ ಅಲ್ಲ. ತನ್ನ ಮಾತನ್ನು ಅಲ್ಲಗಳೆಯಬಲ್ಲ ಇನ್ನೊಬ್ಬನ ಮುಂದೆ ಇಡುವುದು. ಕುಂಬಳೆಯ ಪಾರ್ತಿಸುಬ್ಬನ ವಿಚಾರವನ್ನೇ ನೋಡಿ. ಯಕ್ಷಗಾನದ ರಾಮಾಯಣ ಪ್ರಸಂಗಗಳ ಕರ್ತೃ ಈತನೇ ಎಂದು ಪಂಡಿತ ಮುಳಿಯ ತಿಮ್ಮಪ್ಪಯ್ಯನವರು ಪುಸ್ತಕ ಬರೆದು ವಾದಿಸಿದರು. ಡಾ. ಶಿವರಾಮ ಕಾರಂತರು 1957ರ 'ಯಕ್ಷಗಾನ ಬಯಲಾಟ'ದಲ್ಲಿ ಅದನ್ನು ಒಪ್ಪಲಿಲ್ಲ. ಕುಕ್ಕಿಲ ಕೃಷ್ಣ ಭಟ್ಟರು ಪ್ರಸಂಗಗಳನ್ನು ಸಂಪಾದಿಸಿ 1975ರಲ್ಲಿ ಹೊರತಂದು ಪಾರ್ತಿಸುಬ್ಬನ ಪರವಾಗಿ ನಿಂತರು. ಯಾರು ಗೆದ್ದರು ಎಂಬುದು ಇಲ್ಲಿ ಮುಖ್ಯವಲ್ಲ. ಈ ವಾದದ ನಿಮಿತ್ತವಾಗಿ ಹಳೆಯ ಓಲೆಗಳು ಹೊರಬಂದವು, ಪಾಠಗಳು ಶುದ್ಧವಾದವು, ಕುಂಬಳೆಯ ಹೆಸರು ಕನ್ನಡ ನಾಡಿನ ಉದ್ದಗಲಕ್ಕೂ ಪರಿಚಯವಾಯಿತು.

ಈ ಚರ್ಚೆಯಲ್ಲಿ ಇನ್ನೂ ತೋಡದ ಒಂದು ಗದ್ದೆಯಿದೆ. ಕೇರಳದಲ್ಲಿ ಕಥಕಳಿಗೆ ಮೂಲವಾದ ರಾಮನಾಟ್ಟವನ್ನು ಕೊಟ್ಟಾರಕರ ತಂಬುರಾನ್ ರಚಿಸಿದನು. ರಾಮಾಯಣದ ಕಥೆಯನ್ನು ಎಂಟು ಆಟಗಳಾಗಿ ವಿಂಗಡಿಸಿದನು. ಅದಕ್ಕೂ ಪಾರ್ತಿಸುಬ್ಬನ ಪ್ರಸಂಗಗಳಿಗೂ ಇರುವ ಹೋಲಿಕೆಯನ್ನು ವಿದ್ವಾಂಸರು ಎತ್ತಿ ತೋರಿಸಿದ್ದಾರೆ. ಯಾರು ಯಾರಿಂದ ಪಡೆದರು? ಇಬ್ಬರಿಗೂ ಸಮಾನವಾದ ಮೂಲವೇನು? ಇದನ್ನು ಬಿಡಿಸಬೇಕಾದರೆ ಎರಡೂ ಕೃತಿಗಳನ್ನು ಅವುಗಳ ಲಿಪಿಯಲ್ಲಿಯೇ, ಅವುಗಳ ತಾಳದೊಂದಿಗೇ ಓದಬಲ್ಲವರು ಬೇಕು. ಧಾರವಾಡದ ವಿದ್ವಾಂಸನಿಗೆ ಮಲೆಯಾಳ ಬಾರದು. ತಿರುವನಂತಪುರದವನಿಗೆ ಕನ್ನಡ ಬಾರದು. ಕಾಸರಗೋಡಿನ ಹತ್ತನೆಯ ತರಗತಿಯ ಹುಡುಗಿಗೆ ಎರಡೂ ಬರುತ್ತವೆ. ಮನೆಯಲ್ಲಿ ತುಳುವೋ ಕೊಂಕಣಿಯೋ ಬೇರೆ. ಗಡಿಯಲ್ಲಿದ್ದುದರಿಂದ ನಮಗೆ ಆದ ನಷ್ಟಗಳನ್ನು ಎಣಿಸಿದ್ದೇವೆ. ಗಡಿಯವರಿಗೆ ಮಾತ್ರ ಸಾಧ್ಯವಾದ ಕೆಲಸ ಇದು ಎಂಬುದನ್ನು ಎಣಿಸಿಲ್ಲ.

ಬಾಗಿಲುಗಳು ಎಲ್ಲೆಲ್ಲಿ?

ಮೊದಲು ಹತ್ತಿರದವು. 1957ರಲ್ಲಿ ಆರಂಭವಾದ ಕಾಸರಗೋಡು ಸರಕಾರಿ ಕಾಲೇಜಿನ ಕನ್ನಡ ವಿಭಾಗದಲ್ಲಿ ಸ್ನಾತಕೋತ್ತರ ಅಧ್ಯಯನ ಮತ್ತು ಸಂಶೋಧನೆಗೆ ಅವಕಾಶವಿದೆ. 2009ರಲ್ಲಿ ಸ್ಥಾಪನೆಯಾಗಿ ಪೆರಿಯದಲ್ಲಿ ನೆಲೆಗೊಂಡ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗವೂ, ತೌಲನಿಕ ಸಾಹಿತ್ಯವನ್ನು ಒಳಗೊಂಡ ಇಂಗ್ಲಿಷ್ ವಿಭಾಗವೂ ಇವೆ. ಉತ್ತರಕ್ಕೆ ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಎಸ್.ವಿ.ಪಿ. ಕನ್ನಡ ಅಧ್ಯಯನ ಸಂಸ್ಥೆಯಿದೆ. ಇಂಥ ವಿಭಾಗಗಳು ಆಗಾಗ ವಿಚಾರ ಸಂಕಿರಣಗಳನ್ನು ಏರ್ಪಡಿಸಿ ಪ್ರಬಂಧಗಳಿಗೆ ಆಹ್ವಾನ ಕೊಡುತ್ತವೆ. ಆಹ್ವಾನಪತ್ರವನ್ನು ಸಮಾರಂಭದ ಕರೆಯೋಲೆ ಎಂದು ಬದಿಗಿಡದೆ ಓದಿನೋಡಬೇಕು; ಹೊರಗಿನವರಿಗೂ ಪ್ರಬಂಧ ಮಂಡಿಸಲು ಅವಕಾಶವಿದ್ದರೆ ಅದರಲ್ಲಿಯೇ ಬರೆದಿರುತ್ತದೆ.

ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿನಲ್ಲಿ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರವಿದೆ. ಡಾ. ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ 1988ರಿಂದ 1997ರವರೆಗೆ ಆರು ಸಂಪುಟಗಳಲ್ಲಿ ತುಳು ನಿಘಂಟು ಹೊರಬಂದುದು ಅಲ್ಲಿಂದಲೇ. ಆ ನಿಘಂಟಿನ ಪುಟ ತಿರುವಿದವರಿಗೆ ಗೊತ್ತು, ಒಂದೊಂದು ಶಬ್ದದ ಹಿಂದೆ ಊರೂರಿನ ಹೆಸರಿಲ್ಲದ ಎಷ್ಟು ಜನರ ಬಾಯಿಮಾತು ಇದೆ ಎಂಬುದು.

ಇತಿಹಾಸ, ಶಾಸನ, ಸ್ಥಳನಾಮಗಳಲ್ಲಿ ಆಸಕ್ತಿಯಿದ್ದವರಿಗೆ ಕರ್ನಾಟಕ ಇತಿಹಾಸ ಅಕಾಡೆಮಿಯ ವಾರ್ಷಿಕ ಸಮ್ಮೇಳನ ಒಳ್ಳೆಯ ವೇದಿಕೆ. ಅಲ್ಲಿ ಮಂಡಿಸಿದ ಪ್ರಬಂಧಗಳು 'ಇತಿಹಾಸ ದರ್ಶನ'ದಲ್ಲಿ ಬರುತ್ತವೆ, ಬರೆಯುವುದು ಕನ್ನಡದಲ್ಲಿಯೇ. 1991ರಲ್ಲಿ ಆರಂಭವಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಸಂಶೋಧನೆಗಾಗಿಯೇ ಮೀಸಲಾದುದು; ಅದಕ್ಕೆ ತನ್ನದೇ ಪ್ರಸಾರಾಂಗವಿದೆ. ದ್ರಾವಿಡ ಭಾಷೆಗಳ ತೌಲನಿಕ ಅಧ್ಯಯನ ಮಾಡುವವರು ದಕ್ಷಿಣಕ್ಕೂ ನೋಡಬೇಕು. ವಿ.ಐ. ಸುಬ್ರಹ್ಮಣ್ಯಂ ಅವರ ಮುಂದಾಳ್ತನದಲ್ಲಿ 1971ರಲ್ಲಿ ಹುಟ್ಟಿದ ದ್ರಾವಿಡ ಭಾಷಾವಿಜ್ಞಾನ ಸಂಘ ನಮ್ಮದೇ ರಾಜಧಾನಿ ತಿರುವನಂತಪುರದಲ್ಲಿದೆ. ತುಳು, ಹವ್ಯಕ ಕನ್ನಡ, ಬ್ಯಾರಿ, ಕರಾಡ ಮುಂತಾದ ಮಾತುಗಳನ್ನು ಬಲ್ಲವರು ತಿರುವನಂತಪುರದವರೆಗೆ ಹೋಗಲು ಹಿಂಜರಿಯಬೇಕಾಗಿಲ್ಲ.

ದೂರದ ಬಾಗಿಲುಗಳೂ ಇವೆ. ಬೆಳ್ತಂಗಡಿ ತಾಲೂಕಿನ ಮಾಚಾರು ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ 1990ರಲ್ಲಿ ನಮ್ಮವರೇ ಆದ ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡರ ಜೊತೆಗೂಡಿ ಧ್ವನಿಮುದ್ರಿಸಿದರು. 15,683 ಸಾಲುಗಳ ಆ ಕಾವ್ಯ ಇಂಗ್ಲಿಷ್ ಅನುವಾದದೊಂದಿಗೆ 1998ರಲ್ಲಿ ಹೆಲ್ಸಿಂಕಿಯಿಂದ ಪ್ರಕಟವಾಯಿತು. ಪುಸ್ತಕದ ಹೆಸರಿನಲ್ಲಿಯೇ ಗೋಪಾಲ ನಾಯ್ಕರ ಹೆಸರಿದೆ. ಹಾಡಿದವನನ್ನು "ಒಬ್ಬ ವೃದ್ಧ ಹೇಳಿದಂತೆ" ಎಂದು ಬರೆದು ಮರೆತುಬಿಡುವ ನಮ್ಮ ಅಭ್ಯಾಸಕ್ಕೆ ಇದೊಂದು ಪಾಠ.

ಈಗಿನ ದಿನಗಳಲ್ಲಿ ಇನ್ನೊಂದು ಅನುಕೂಲ. ವಿಶ್ವವಿದ್ಯಾನಿಲಯಗಳ ಮಹಾಪ್ರಬಂಧಗಳನ್ನು ಗುಜರಾತಿನ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ 'ಶೋಧಗಂಗಾ' ಎಂಬ ಭಂಡಾರದಲ್ಲಿ ಸಂಗ್ರಹಿಸುತ್ತಿದೆ. ಕನ್ನಡದ ಪ್ರಬಂಧಗಳೂ ಅಲ್ಲಿವೆ. ಕೈಯಲ್ಲಿರುವ ಮೊಬೈಲಿನಲ್ಲಿಯೇ ಓದಬಹುದು. ಹೊಸ ವಿಷಯ ಕೈಗೆತ್ತಿಕೊಳ್ಳುವ ಮೊದಲು ಅಲ್ಲಿ ಒಮ್ಮೆ ಹುಡುಕಿದರೆ ಇನ್ನೊಬ್ಬರು ಅರೆದ ಹಿಟ್ಟನ್ನೇ ಮತ್ತೆ ಅರೆಯುವುದು ತಪ್ಪುತ್ತದೆ.

ಸುಳ್ಳು ಬಾಗಿಲುಗಳು

ಇನ್ನು ಎಚ್ಚರಿಕೆಯ ಮಾತು. ನನ್ನ ಪರಿಚಯದ ಯುವ ಅಧ್ಯಾಪಿಕೆಯೊಬ್ಬರಿಗೆ ಒಂದು ಪತ್ರಿಕೆಯವರಿಂದ ಸಂದೇಶ ಬಂತು. "ಅಂತಾರಾಷ್ಟ್ರೀಯ" ಎಂದು ದೊಡ್ಡ ಅಕ್ಷರದಲ್ಲಿ ಹೆಸರು. ಎರಡು ಸಾವಿರ ರೂಪಾಯಿ ಕಳುಹಿಸಿದರೆ ಮೂರು ದಿನಗಳಲ್ಲಿ ಪ್ರಕಟಣೆ, ಜೊತೆಗೆ ಪ್ರಮಾಣಪತ್ರ. ಕಳುಹಿಸಿದರು. ಹೇಳಿದಂತೆಯೇ ಮೂರನೆಯ ದಿನ ಲೇಖನ ಬಂತು, ಒಂದಕ್ಷರವನ್ನೂ ಯಾರೂ ಓದದೆ. ಕುಮಾರವ್ಯಾಸನ ಮೇಲಿನ ಆ ಲೇಖನದ ಒಂದು ಪಕ್ಕದಲ್ಲಿ ಕೋಳಿಸಾಕಣೆ, ಇನ್ನೊಂದು ಪಕ್ಕದಲ್ಲಿ ಸಿಮೆಂಟಿನ ಬಲಪರೀಕ್ಷೆ. ಮರುವರ್ಷ ಉದ್ಯೋಗದ ಸಂದರ್ಶನದಲ್ಲಿ ಆ ಲೇಖನವನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಎರಡು ವರ್ಷ ಅಲೆದು ಮಾಡಿದ ಕೆಲಸ. ಇನ್ನೊಂದು ಒಳ್ಳೆಯ ಪತ್ರಿಕೆಗೆ ಕೊಡೋಣವೆಂದರೆ, "ಈಗಾಗಲೇ ಅಚ್ಚಾಗಿದೆಯಲ್ಲ" ಎಂಬ ಉತ್ತರ. ಹಣ ಹೋದುದಕ್ಕಿಂತ ಈ ಮಾತು ಅವರನ್ನು ಹೆಚ್ಚು ನೋಯಿಸಿತು.

ಇದು ದೇಶದ ತುಂಬ ಹಬ್ಬಿದ ರೋಗ. ವಿಶ್ವವಿದ್ಯಾನಿಲಯ ಅನುದಾನ ಆಯೋಗ 2018ರ ಮೇ ತಿಂಗಳಲ್ಲಿ ತನ್ನದೇ ಅಂಗೀಕೃತ ಪಟ್ಟಿಯಿಂದ 4,305 ಪತ್ರಿಕೆಗಳನ್ನು ತೆಗೆದುಹಾಕಿತು. ಬಳಿಕ 'ಕೇರ್' ಎಂಬ ಹೊಸ ಪಟ್ಟಿಯನ್ನು ತಂದಿತು. 2025ರಲ್ಲಿ ಅದನ್ನೂ ಕೈಬಿಟ್ಟು, ಪತ್ರಿಕೆಗಳ ಯೋಗ್ಯತೆಯನ್ನು ಆಯಾ ವಿದ್ಯಾಸಂಸ್ಥೆಗಳೇ ನೋಡಿಕೊಳ್ಳಬೇಕೆಂದಿತು. ಪಿಎಚ್.ಡಿ. ಪಡೆಯಲು ಮೊದಲು ಲೇಖನ ಪ್ರಕಟವಾಗಿರಲೇಬೇಕೆಂಬ ಕಡ್ಡಾಯವನ್ನು ಆಯೋಗ 2022ರ ನಿಯಮಗಳಲ್ಲಿಯೇ ಸಡಿಲಿಸಿದೆ. ಆದುದರಿಂದ ಅವಸರಕ್ಕೆ ಬಿದ್ದು ಸಿಕ್ಕಿದಲ್ಲಿ ಅಚ್ಚು ಹಾಕಿಸುವ ಮೊದಲು ತನ್ನ ಸಂಸ್ಥೆಯ ನಿಯಮ ಏನೆಂದು ಕೇಳಿ ತಿಳಿಯಬೇಕು.

ಒಳ್ಳೆಯ ಪತ್ರಿಕೆಯನ್ನು ಗುರುತಿಸುವುದು ಹೇಗೆ? ಸಂಪಾದಕರು ಯಾರು, ಅವರು ಆ ವಿಷಯದಲ್ಲಿ ಏನು ಬರೆದಿದ್ದಾರೆ ಎಂದು ನೋಡಿ. ಹಳೆಯ ಸಂಚಿಕೆಯೊಂದನ್ನು ತರಿಸಿ ಓದಿ. ಕೈಬರಹ ಓದುವ ಮೊದಲೇ ಹಣ ಕೇಳಿದರೆ ಅಲ್ಲಿಗೇ ಬಿಡಿ. ಐಎಸ್ಎಸ್ಎನ್ ಸಂಖ್ಯೆ ಇದೆಯೆಂದು ಮರುಳಾಗಬೇಡಿ. ಆ ಎಂಟು ಅಂಕಿಗಳು ಒಂದು ನಿಯತಕಾಲಿಕವನ್ನು ಇನ್ನೊಂದರಿಂದ ಬೇರೆಯಾಗಿ ಗುರುತಿಸುವುದಕ್ಕೆ ಮಾತ್ರ, ಗುಣಕ್ಕೆ ಮುದ್ರೆಯಲ್ಲ. ಒಳ್ಳೆಯ ಪತ್ರಿಕೆ ಲೇಖನವನ್ನು ವಿಷಯ ಬಲ್ಲವರಿಗೆ ಕಳುಹಿಸಿ ಅಭಿಪ್ರಾಯ ಪಡೆಯುತ್ತದೆ. ಅದಕ್ಕೆ ತಿಂಗಳುಗಳು ಹಿಡಿಯುತ್ತವೆ. ತಿದ್ದಿ ಕಳುಹಿಸಿ ಎಂಬ ಪತ್ರ ಬಂದರೆ ಅದನ್ನು ಅವಮಾನವೆಂದು ತಿಳಿಯಬಾರದು. ಒಬ್ಬರಾದರೂ ಕೂತು ಓದಿದ್ದಾರೆ ಎಂದು ತಿಳಿಯಬೇಕು.

ಬರೆಯುವವರಿಗೆ ಕೆಲವು ಸೂಚನೆಗಳು

ಮೂವತ್ತು ವರ್ಷದ ಸಂಗ್ರಹವನ್ನು ಒಂದೇ ಲೇಖನದಲ್ಲಿ ತುಂಬಿಸಲು ಹೊರಡಬೇಡಿ. ಒಂದು ಪ್ರಶ್ನೆ ಆರಿಸಿಕೊಳ್ಳಿ. "ಕಾಸರಗೋಡಿನ ಸಂಸ್ಕೃತಿ" ಎಂಬುದು ಪ್ರಶ್ನೆಯಲ್ಲ, "ನಮ್ಮ ಗ್ರಾಮದಲ್ಲಿ ನೀರಿಗೆ ಸಂಬಂಧಿಸಿದ ಸ್ಥಳನಾಮಗಳು ಯಾವ ಯಾವ ಭಾಷೆಯವು?" ಎಂಬುದು ಪ್ರಶ್ನೆ. ವಿಚಾರ ಸಂಕಿರಣಕ್ಕೆ ಮೊದಲು ಸಾರಾಂಶ ಕೇಳುತ್ತಾರೆ. ಪ್ರಶ್ನೆ ಏನು, ಇದುವರೆಗೆ ಇತರರು ಹೇಳಿದ್ದೇನು, ನಿಮ್ಮ ಆಧಾರ ಯಾವುದು, ಕಂಡುಕೊಂಡದ್ದೇನು ಎಂಬ ನಾಲ್ಕು ಮಾತು ಅದರಲ್ಲಿ ಇದ್ದರೆ ಸಾಕು. ಒಂದು ಪುಟ ಮೀರಬಾರದು. ಹದಿನೈದು ನಿಮಿಷ ಕೊಟ್ಟಲ್ಲಿ ನಲವತ್ತು ಪುಟ ಓದಲು ನಿಂತು ಅಧ್ಯಕ್ಷರಿಂದ ಚೀಟಿ ಪಡೆಯುವ ದೃಶ್ಯವನ್ನು ನಾವೆಲ್ಲ ಕಂಡವರೇ.

ಹಾಡು, ಕಥೆಗಳನ್ನು ಸಂಗ್ರಹಿಸುವವರು ಹೇಳಿದವರ ಹೆಸರು, ಊರು, ದಿನಾಂಕ ಬರೆದಿಡಬೇಕು. ಪ್ರಕಟಿಸಲು ಅವರ ಒಪ್ಪಿಗೆ ಪಡೆಯಬೇಕು. ಮೂಲವನ್ನು ಯಾರಿಗೂ ಕೊಡದೆ ನಕಲನ್ನು ಕಳುಹಿಸಬೇಕು. ಲೇಖನವನ್ನು ಕನ್ನಡದಲ್ಲಿ ಬರೆದರೂ ಎರಡು ಪುಟದ ಸಂಗ್ರಹವನ್ನು ಮಲೆಯಾಳದಲ್ಲಿಯೂ ಇಂಗ್ಲಿಷಿನಲ್ಲಿಯೂ ಸಿದ್ಧಪಡಿಸಿ ಇಟ್ಟುಕೊಂಡರೆ ಲಾಭ ಹೆಚ್ಚು. ನೆರೆಯವನಿಗೆ ನಮ್ಮ ವಿಷಯ ತಿಳಿಯದೆಂದು ದೂರುವ ನಾವು ಅವನಿಗೆ ಅರ್ಥವಾಗುವ ಭಾಷೆಯಲ್ಲಿ ಎಷ್ಟು ಸಲ ಹೇಳಿದ್ದೇವೆ?

ತಡವಾದರೆ ನಷ್ಟ ಯಾರಿಗೆ?

ಇದು ಕೇವಲ ಪಂಡಿತರ ವಿಷಯವಲ್ಲ. ಮಂಜೇಶ್ವರ ಸರಕಾರಿ ಕಾಗದಗಳಲ್ಲಿ 'ಮಂಜೇಶ್ವರಂ' ಆಗುತ್ತದೆ. ಇಂಥ ಸಂದರ್ಭಗಳಲ್ಲಿ ನಾವು ಸಭೆ ಸೇರಿ ಖಂಡಿಸುತ್ತೇವೆ, ಮನವಿ ಕೊಡುತ್ತೇವೆ. ಕೊಡಬೇಕಾದದ್ದೇ. ಆದರೆ ಮನವಿಯ ಜೊತೆಗೆ ಲಗತ್ತಿಸಲು ಏನಿದೆ? ಹಳೆಯ ಕಡತದಲ್ಲಿ, ಶಾಸನದಲ್ಲಿ, ಪಾಡ್ದನದಲ್ಲಿ ಆ ಊರಿನ ಹೆಸರು ಹೇಗಿತ್ತು ಎಂದು ತೋರಿಸುವ ಪ್ರಕಟಿತ ಲೇಖನವೊಂದಿದ್ದರೆ ಆ ಮನವಿಯ ತೂಕ ಬೇರೆ. ಕಪಾಟಿನಲ್ಲಿರುವ ಕಟ್ಟನ್ನು ಯಾವ ಅಧಿಕಾರಿಯೂ ಪುರಾವೆಯೆಂದು ಒಪ್ಪಲಾರ.

ದಿ. ವೆಂಕಟರಾಜ ಪುಣಿಂಚತ್ತಾಯರು (1936-2012) ಇದನ್ನು ಮಾಡಿ ತೋರಿಸಿದವರು. ತುಳುವಿಗೆ ಹಳೆಯ ಲಿಖಿತ ಸಾಹಿತ್ಯವೇ ಇಲ್ಲವೆಂದು ಹಲವರು ನಂಬಿದ್ದ ಕಾಲದಲ್ಲಿ ಅವರು ಮನೆಮನೆ ತಿರುಗಿ ತುಳು ಲಿಪಿಯ ತಾಳೆಗರಿಗಳನ್ನು ಹುಡುಕಿದರು. ವಿಷ್ಣುತುಂಗನ 'ಶ್ರೀ ಭಾಗವತೊ'ದಂಥ ಕಾವ್ಯಗಳನ್ನು ಓದಿ, ಸಂಪಾದಿಸಿ ಪ್ರಕಟಿಸಿದರು. 2024ರ ಸೆಪ್ಟೆಂಬರಿನಲ್ಲಿ ಆ ಲಿಪಿ 'ತುಳು-ತಿಗಳಾರಿ' ಎಂಬ ಹೆಸರಿನಲ್ಲಿ ಯುನಿಕೋಡ್ ವ್ಯವಸ್ಥೆಗೆ ಸೇರಿತು. ಲೋಕದ ಯಾವ ಮೂಲೆಯ ಗಣಕಯಂತ್ರಕ್ಕೂ ಈಗ ಆ ಅಕ್ಷರಗಳಿಗೆ ನಿಶ್ಚಿತ ಸಂಕೇತವಿದೆ. ಅವರಂಥವರು ಆ ಗರಿಗಳನ್ನು ದೇವರ ಕೋಣೆಯಲ್ಲಿಯೇ ಬಿಟ್ಟಿದ್ದರೆ ಅಂಥ ಲಿಪಿಯಲ್ಲಿ ಕಾವ್ಯಗಳೂ ಇವೆಯೆಂದು ನಂಬುವವರು ಎಷ್ಟು ಜನ ಇರುತ್ತಿದ್ದರು?

ಆರಂಭಕ್ಕೆ ದೊಡ್ಡ ಸಮ್ಮೇಳನ ಬೇಡ. ಪಿ.ಎನ್. ಪಣಿಕ್ಕರರು 1945ರಲ್ಲಿ ಕಟ್ಟಿದ ಗ್ರಂಥಶಾಲಾ ಚಳವಳಿಯ ಫಲವಾಗಿ ಕೇರಳದ ಹಳ್ಳಿಹಳ್ಳಿಗಳಲ್ಲಿ ವಾಚನಾಲಯಗಳಿವೆ. ಅವರು ತೀರಿಕೊಂಡ ಜೂನ್ 19ನ್ನು ರಾಜ್ಯವೇ ವಾಚನ ದಿನವಾಗಿ ಆಚರಿಸುತ್ತದೆ. ಆ ವಾಚನಾಲಯಗಳಲ್ಲಿ ತಿಂಗಳಿಗೊಂದು ಸಂಜೆ, ಒಬ್ಬರು ಅರ್ಧ ಗಂಟೆ ಪ್ರಬಂಧ ಓದಿ ಉಳಿದವರು ಒಂದು ಗಂಟೆ ಪ್ರಶ್ನೆ ಕೇಳುವ ಕೂಟವೊಂದನ್ನು ನಡೆಸಲು ಏನು ಅಡ್ಡಿ? ಒಂದು ತಿಂಗಳು ಕನ್ನಡ, ಇನ್ನೊಂದು ತಿಂಗಳು ಮಲೆಯಾಳ. ಸಾಹಿತ್ಯ ಪರಿಷತ್ತಿನ ಗಡಿನಾಡ ಘಟಕವೂ, ಕಾಲೇಜಿನ ಅಧ್ಯಾಪಕರೂ ಮನಸ್ಸು ಮಾಡಿದರೆ ಶಾಲು-ಹಾರಗಳ ಖರ್ಚಿನಲ್ಲಿಯೇ ಇದನ್ನು ವರ್ಷವಿಡೀ ನಡೆಸಬಹುದು.

ಬದಿಯಡ್ಕದ ಮಾಷ್ಟ್ರ ಮನೆಗೆ ಮಳೆ ಬಿಟ್ಟ ಮೇಲೆ ಮತ್ತೊಮ್ಮೆ ಹೋದೆ. ಕಟ್ಟುಗಳನ್ನು ಅಂಗಳದಲ್ಲಿ ಬಿಸಿಲಿಗೆ ಹರಡಿದ್ದರು. ಮೊಮ್ಮಗಳು ಕಾಲೇಜಿನಿಂದ ರಜೆಯಲ್ಲಿ ಬಂದವಳು, ಒಂದೊಂದೇ ಹಾಳೆಯ ಚಿತ್ರ ತೆಗೆಯುತ್ತಿದ್ದಳು. ಒರಲೆ ತಿಂದ ಎರಡು ಕಟ್ಟುಗಳಲ್ಲಿ ಏನಿತ್ತೆಂದು ಮಾಷ್ಟ್ರಿಗೆ ಪೂರ್ತಿ ನೆನಪಿಲ್ಲ. ಹೇಳಿಕೊಟ್ಟ ಹೆಂಗಸರಲ್ಲಿ ಈಗ ಯಾರೂ ಇಲ್ಲ. ಉಳಿದವುಗಳಿಂದ ತಮ್ಮ ಗ್ರಾಮದ ಬೈಲುಗಳ ಹೆಸರುಗಳ ಕುರಿತು ಎಂಟು ಪುಟ ಬರೆದು ಮುಗಿಸಿದ್ದಾರೆ. "ಯಾರಿಗೆ ಕಳುಹಿಸುವುದು?" ಎಂದು ಈ ಸಲವೂ ಕೇಳಿದರು. ಮೊದಲು ಊರಿನ ವಾಚನಾಲಯದಲ್ಲಿ ಓದಿ, ತಪ್ಪಿದ್ದರೆ ಊರವರೇ ಹೇಳುತ್ತಾರೆ, ಆಮೇಲೆ ಪತ್ರಿಕೆಗೆ ಕಳುಹಿಸೋಣ ಎಂದೆ. ಒಪ್ಪಿದ್ದಾರೆ.

ನಿಮ್ಮ ಮನೆಯ ಕಪಾಟಿನಲ್ಲಿ ಏನಿದೆ? ಮುಂದಿನ ಮಳೆಗಾಲಕ್ಕೆ ಮೊದಲು ಒಮ್ಮೆ ತೆರೆದು ನೋಡಬಾರದೇ?